ಕೊನೆಗಾರನ ಕಾಲು, ವ್ಯವಸ್ಥಾಪಕಿಯ ಹೊಟ್ಟೆ: ಪುಷ್ಯ ಮಳೆಯ ಒಂದು ಬೆಳಗಿನ ಪ್ರಕರಣ ಅಧ್ಯಯನ

ನಾಯಕತ್ವದ ತರಬೇತಿಗಳಲ್ಲಿ ಈಚೆಗೆ ಪದೇ ಪದೇ ಕೇಳಿಬರುವ ಸಲಹೆಯೊಂದಿದೆ: ದೇಹ ಹೇಳುವುದನ್ನು ಕೇಳಿಸಿಕೊಳ್ಳಿ, ಒಳಗಿನಿಂದ ಬರುವ ಅನ್ನಿಸಿಕೆಯನ್ನು ನಂಬಿ, ಆಗ ನಿಮ್ಮ ನಾಯಕತ್ವ ನೈಜವಾಗುತ್ತದೆ. ಸಲಹೆ ಕೆಟ್ಟದ್ದಲ್ಲ. ಆದರೆ ಒಂದೇ ಬೆಳಿಗ್ಗೆ, ಒಂದೇ ತೋಟದ ಅಂಚಿನಲ್ಲಿ ನಿಂತು, ಒಂದೇ ಕೆಲಸದ ಹೊಣೆ ಹೊತ್ತ ಇಬ್ಬರ ದೇಹಗಳು ಒಂದಕ್ಕೊಂದು ವಿರುದ್ಧವಾದುದನ್ನು ಹೇಳಿದರೆ ಯಾವುದನ್ನು ನಂಬಬೇಕು ಎಂಬ ಪ್ರಶ್ನೆಯನ್ನು ಆ ಸಲಹೆ ಮುಟ್ಟುವುದೇ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಒಂದು ರೈತ ಉತ್ಪಾದಕ ಸಂಸ್ಥೆಯಲ್ಲಿ ನಡೆದ ಈ ಪ್ರಕರಣ ಅಧ್ಯಯನಕ್ಕೆ ಯೋಗ್ಯವೆನಿಸಿದ್ದು ಆ ಕಾರಣಕ್ಕೆ. ಸಂಸ್ಥೆಯ ಹೆಸರನ್ನಾಗಲಿ ಸಂಬಂಧಪಟ್ಟವರ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದೆ.

ಹಿನ್ನೆಲೆ

ಸಂಸ್ಥೆಯ ಸದಸ್ಯರೆಲ್ಲ ಅಡಿಕೆ ಬೆಳೆಗಾರರು. ಮರ ಹತ್ತುವ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾದ್ದರಿಂದ ಸಂಸ್ಥೆಯೇ ಕೊನೆಗಾರರ ಒಂದು ತಂಡವನ್ನು ಕಟ್ಟಿಕೊಂಡಿತ್ತು. ತಂಡದಲ್ಲಿ ಮರ ಹತ್ತುವವರು ಆರು ಮಂದಿ, ಕೆಳಗೆ ದ್ರಾವಣ ಕಲಸುವವರು, ಪೈಪು ಎಳೆಯುವವರು ಬೇರೆ. ಮಳೆಗಾಲದಲ್ಲಿ ಔಷಧಿ ಹೊಡೆಯುವುದು, ಬೇಸಿಗೆ ಬರುವುದರೊಳಗೆ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವುದು ಇವರ ಕೆಲಸ. ತಂಡದ ಹಿರಿಯ ಕೊನೆಗಾರ ಐವತ್ತು ದಾಟಿದವರು, ಹದಿನಾರರ ವಯಸ್ಸಿನಿಂದ ಮರ ಹತ್ತುತ್ತ ಬಂದವರು. ವ್ಯವಸ್ಥಾಪಕಿ ನಲವತ್ತರ ಆಸುಪಾಸಿನ ತೋಟಗಾರಿಕಾ ಪದವೀಧರೆ. ಲೆಕ್ಕ, ಸಾಲ, ಗೊಬ್ಬರ, ಇಲಾಖೆಯ ಓಡಾಟ ಎಲ್ಲವನ್ನೂ ಬಲ್ಲವರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು ಎಂಬುದನ್ನು ಆಡಳಿತ ಮಂಡಳಿಯ ಒಬ್ಬಿಬ್ಬರು ನಿರ್ದೇಶಕರು ಅವರಿಗೆ ಮರೆಯಲು ಬಿಟ್ಟಿರಲಿಲ್ಲ. "ಧೈರ್ಯದ ತೀರ್ಮಾನ ತಗೊಳ್ಳೋದು ಹೆಂಗಸರಿಗೆ ಸ್ವಲ್ಪ ಕಷ್ಟ" ಎಂಬ ಮಾತು ಸಭೆಯಲ್ಲಿ ತಮಾಷೆಯ ಧಾಟಿಯಲ್ಲಿ ಬಂದು ಹೋಗುತ್ತಿತ್ತು. ಮುಂದೆ ಆಗುವುದನ್ನು ತಿಳಿಯಲು ಈ ಸಂಗತಿ ಬೇಕು.

ಮಲೆನಾಡಿನ ಓದುಗರಿಗೆ ಕೊಳೆರೋಗವನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು: ಬಿಡದೆ ಸುರಿಯುವ ಮಳೆಯಲ್ಲಿ ಫೈಟಾಫ್ತೊರಾ ಎಂಬ ರೋಗಾಣು ಎಳೆಯ ಅಡಿಕೆ ಕಾಯಿಯನ್ನು ಹಿಡಿದು ಕೊಳೆಸಿ ಉದುರಿಸುತ್ತದೆ, ಒಂದು ಕೊನೆಗೆ ಬಂದದ್ದು ಗಾಳಿ ಮಳೆಯ ಹನಿಗಳ ಜೊತೆ ಪಕ್ಕದ ಮರಕ್ಕೆ ದಾಟುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಲ್ಲಿ ರೂಢಿಗೆ ತಂದರು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದಿಗೂ ಹಾಗೆಯೇ ಇದೆ. ಮುಂಗಾರು ಹಿಡಿಯುವ ಹೊತ್ತಿಗೆ ಮೊದಲ ಸಲ, ಅದಾಗಿ 40ರಿಂದ 45 ದಿನಕ್ಕೆ ಎರಡನೆಯ ಸಲ ಹೊಡೆಯಬೇಕು. ಎರಡನೆಯ ಸರದಿ ಬರುವುದು ಪುನರ್ವಸು, ಪುಷ್ಯ ಮಳೆಗಳ ನಡುವೆ, ಅಂದರೆ ಮಳೆ ಒಂದು ದಿನವೂ ಹೊಳವಾಗದ ಕಾಲದಲ್ಲಿ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 7,000 ಮಿಲಿಮೀಟರನ್ನು ದಾಟುತ್ತದೆ ಎಂದರೆ ಹೊಳವಿಗಾಗಿ ಕಾಯುವುದು ಎಂಥದ್ದು ಎಂದು ಊಹಿಸಬಹುದು.

ಆ ಬೆಳಿಗ್ಗೆ

ಆ ವರ್ಷ ಎರಡನೆಯ ಔಷಧಿಯ ಗಡುವು ದಾಟಿ ವಾರವಾಗಿತ್ತು. ಸದಸ್ಯರ ಫೋನು ಬೆಳಿಗ್ಗೆ ಆರಕ್ಕೇ ಶುರುವಾಗುತ್ತಿತ್ತು. ವಾಟ್ಸಾಪ್ ಗುಂಪಿನಲ್ಲಿ ಉದುರಿದ ಕಾಯಿಗಳ ಚಿತ್ರಗಳು ಬೀಳುತ್ತಿದ್ದವು. ಪುಷ್ಯ ಮಳೆಯ ಕೊನೆಯ ದಿನಗಳಲ್ಲಿ ಒಂದು ಬೆಳಗು ಮೋಡ ಹರಿದು ಬಿಸಿಲು ಬಿತ್ತು. ತಂಡ ಹಳೆಯ ತೋಟವೊಂದಕ್ಕೆ ಹೋಯಿತು. ಅಲ್ಲಿನ ಮರಗಳು ಐವತ್ತು ಅರವತ್ತು ಅಡಿಯವು. ಇಂಥ ತೋಟದಲ್ಲಿ ಕೊನೆಗಾರ ಒಂದು ಮರ ಹತ್ತಿದರೆ ಪ್ರತಿ ಸಲ ಕೆಳಗಿಳಿಯುವುದಿಲ್ಲ. ಪಕ್ಕದ ಮರವನ್ನು ಎಳೆದು ಹಿಡಿದು ಮರದಿಂದ ಮರಕ್ಕೆ ದಾಟುತ್ತಾನೆ.

ಹಿರಿಯ ಕೊನೆಗಾರ ಮೂರು ಮರ ಮುಗಿಸಿ ಕೆಳಗಿಳಿದರು. ವ್ಯವಸ್ಥಾಪಕಿ ಆಗತಾನೆ ತೋಟಕ್ಕೆ ಬಂದಿದ್ದರು. ಅವರಿಬ್ಬರ ನಡುವೆ ನಡೆದ ಮಾತು, ಇಬ್ಬರೂ ಬೇರೆ ಬೇರೆಯಾಗಿ ನೆನಪಿಸಿಕೊಂಡಂತೆ, ಹೀಗಿತ್ತು:

"ಇವತ್ತು ಹತ್ತೋದು ಬ್ಯಾಡ ಮೇಡಂ. ಕಾಲಿಗೆ ಸರಿ ಬರ್ತಾ ಇಲ್ಲ."

"ಸರಿ ಬರ್ತಾ ಇಲ್ಲ ಅಂದ್ರೆ ಏನಣ್ಣಾ? ಬಿಸಿಲು ಬಂದಿದೆಯಲ್ಲ, ಮರ ಒಣಗಿದೆ."

"ಒಣಗಿದಂಗೆ ಕಾಣ್ತದೆ. ಆದ್ರೂ ಬ್ಯಾಡ ಅನ್ಸ್ತದೆ."

ಈ ಕ್ಷಣದಲ್ಲಿ ತಮ್ಮೊಳಗೆ ಏನಾಯಿತು ಎಂಬುದನ್ನು ವ್ಯವಸ್ಥಾಪಕಿ ಆಮೇಲೆ ಬಹಳ ವಿವರವಾಗಿ ಹೇಳಿದ್ದಾರೆ. ಪ್ರಕರಣದ ತಿರುಳು ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅವರ ಹೊಟ್ಟೆಯಲ್ಲಿ ವಾರದಿಂದ ಒಂದು ಗಂಟು ಕಟ್ಟಿಕೊಂಡಂತಾಗಿತ್ತು. ಆ ಮಾತು ಕೇಳಿದಾಗ ಅದು ಮತ್ತಷ್ಟು ಬಿಗಿಯಿತು. "ಇಲ್ಲ, ಹತ್ತಲೇಬೇಕು" ಎಂದು ಹೇಳಿಬಿಡುವುದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡ ಕೂಡಲೇ ಗಂಟು ಸಡಿಲವಾಯಿತು, ಉಸಿರು ಹಗುರಾಯಿತು. ತರಬೇತಿಯೊಂದರಲ್ಲಿ ಅವರು ಕಲಿತಿದ್ದೂ ಇದನ್ನೇ: ಯಾವ ಆಯ್ಕೆಯನ್ನು ನೆನೆದಾಗ ದೇಹ ಸಡಿಲವಾಗುತ್ತದೆಯೋ ಅದು ನಿಮ್ಮ ಸರಿಯಾದ ಆಯ್ಕೆ. ಆ ಪಾಠದಂತೆ ನಡೆದಿದ್ದರೆ ಆರು ಮಂದಿ ಮರ ಹತ್ತಬೇಕಾಗಿತ್ತು.

ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಂಟು ಸಡಿಲವಾದದ್ದು ಯಾವ ಚಿತ್ರ ಕಣ್ಣ ಮುಂದೆ ಬಂದಾಗ ಎಂದು ಗಮನಿಸಿದರು. ಅದು ಫೋನು ನಿಂತುಹೋಗುವ ಚಿತ್ರ; ಮಂಡಳಿಯ ಸಭೆಯಲ್ಲಿ "ಹೊಳವು ಸಿಕ್ಕಿದ ದಿನವೇ ಮುಗಿಸಿದೆವು" ಎಂದು ಹೇಳುವ ಚಿತ್ರ. ಆಮೇಲೆ ಬೇಕೆಂದೇ ಇನ್ನೊಂದು ಚಿತ್ರವನ್ನು ತಂದುಕೊಂಡರು: ಐವತ್ತು ಅಡಿ ಮೇಲೆ, ಒಂದು ಕೈಯಲ್ಲಿ ಪೈಪು ಹಿಡಿದು, ಪಕ್ಕದ ಮರಕ್ಕೆ ದಾಟುತ್ತಿರುವ ಕೊನೆಗಾರ. ಆಗ ಅವರ ದೇಹ ಏನನ್ನೂ ಹೇಳಲಿಲ್ಲ. ಬಿಗಿತವೂ ಇಲ್ಲ, ಹಗುರವೂ ಇಲ್ಲ. "ನಾನು ಮರ ಹತ್ತಿದವಳಲ್ಲ. ಆ ವಿಷಯದಲ್ಲಿ ನನ್ನ ಮೈಗೆ ಹೇಳಲಿಕ್ಕೆ ಏನೂ ಇರಲಿಲ್ಲ" ಎಂದು ಅವರೇ ಹೇಳಿದರು. ಅವರ ಹೊಟ್ಟೆ ಮಾತಾಡುತ್ತಿದ್ದುದು ನಿಂದೆಯ ಬಗ್ಗೆ. ಮರದ ಬಗ್ಗೆ ಅದಕ್ಕೆ ಏನೂ ಗೊತ್ತಿರಲಿಲ್ಲ.

ಕಾಲು ಹೇಳಿದ್ದನ್ನು ಬಾಯಿಗೆ ತಂದದ್ದು

ಹಾಗೆಂದು ಅವರು ಹಿರಿಯರ ಅನ್ನಿಸಿಕೆಗೆ ಅಲ್ಲಿಯೇ ಶರಣಾಗಲೂ ಇಲ್ಲ. "ಅನ್ಸ್ತದೆ" ಎಂಬ ಒಂದು ಪದದ ಮೇಲೆ ಒಂದು ದಿನದ ಕೆಲಸ ನಿಲ್ಲಿಸಿದರೆ ಸದಸ್ಯರಿಗೆ ಏನು ಉತ್ತರ ಕೊಡುವುದು? ಅವರು ಕೂತು ಕೇಳಿದರು. ಮೊದಲನೆಯ ಮರದಲ್ಲೂ ಹೀಗೇ ಇತ್ತೇ? ಕಾಲಿನಲ್ಲಿ ಎಲ್ಲಿ ಗೊತ್ತಾಯಿತು? ಹಿಂದೆ ಯಾವಾಗ ಹೀಗೆ ಆಗಿತ್ತು, ಆಗ ಏನಾಯಿತು?

ಮೊದಮೊದಲು ಹಿರಿಯರಿಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದೊಂದೇ ವಿವರ ಬಂತು. ಬಿಸಿಲಿಗೆ ಕಾಂಡದ ಮೇಲ್ಪದರ ಒಣಗಿದೆ, ಆದರೆ ಅಡಿಯಲ್ಲಿ ಹಾವಸೆ ನೀರು ಹೀರಿ ಕೂತಿದೆ. ಪಾದಗಳಿಗೆ ಸಿಕ್ಕಿಸಿಕೊಂಡ ಹಗ್ಗದ ಕುಣಿಕೆ ಹಿಡಿದಂತಾಗಿ, ಭಾರ ಬಿದ್ದ ಮೇಲೆ ಒಂದು ಬೆರಳಿನಷ್ಟು ಜಾರುತ್ತಿದೆ. ಪೂರ್ತಿ ಒದ್ದೆಯಾದ ಮರ ಇದಕ್ಕಿಂತ ವಾಸಿ, ಏಕೆಂದರೆ ಅದು ಮೊದಲ ಹೆಜ್ಜೆಯಲ್ಲೇ ಜಾರಿ ಎಚ್ಚರಿಸುತ್ತದೆ. ಕಾಲು ಜಾರುವುದನ್ನು ತೋಳು ತುಂಬಿಕೊಡುತ್ತಿದೆ. ಎಂದಿನಂತಾದರೆ ಮಧ್ಯಾಹ್ನದ ಹೊತ್ತಿಗೆ ಸೋಲುವ ಮುಂಗೈ ಮೂರನೆಯ ಮರಕ್ಕೇ ಸೋತಿದೆ. ಜೊತೆಗೆ ಬುಡದ ಮಣ್ಣು ಮೆತ್ತಗಾಗಿ, ದಾಟುವಾಗ ಬಾಗಿಸಿದ ಮರ ಹಿಂದಕ್ಕೆ ಬರುವುದು ತಡವಾಗುತ್ತಿದೆ.

ಇಷ್ಟು ಹೊರಬಂದ ಮೇಲೆ ಅದು ಬರಿಯ ಅನ್ನಿಸಿಕೆಯಾಗಿ ಉಳಿಯಲಿಲ್ಲ. ಇತರ ಕೊನೆಗಾರರನ್ನು ಕರೆದು ಮುಂಗೈ ಹೇಗಿದೆ ಎಂದು ಕೇಳಿದಾಗ ನಾಲ್ವರು ಸೋತಿದೆ ಎಂದರು. ಅವರೆಲ್ಲರೂ ಹಿರಿಯರ ಬಾಯಿಂದ ಮಾತು ಬರಲಿ ಎಂದು ಕಾಯುತ್ತಿದ್ದರೇ ಹೊರತು ತಾವಾಗಿ ಹೇಳುವವರಿರಲಿಲ್ಲ.

ಈ ಭಾಗಕ್ಕೆ ಸಂಶೋಧನೆಯ ಬೆಳಕು ಹಾಯಿಸಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆಂಟೋನಿಯೊ ಡಮಾಸಿಯೊ, ಆಂಟ್ವಾನ್ ಬೆಕಾರ ಮತ್ತು ಸಂಗಡಿಗರು 1994ರಲ್ಲಿ ಒಂದು ಇಸ್ಪೀಟಿನ ಆಟವನ್ನು ರೂಪಿಸಿದರು. ನಾಲ್ಕು ಕಟ್ಟುಗಳಲ್ಲಿ ಎರಡು ದೊಡ್ಡ ಲಾಭದ ಆಸೆ ತೋರಿಸಿ ಕೊನೆಗೆ ನಷ್ಟಕ್ಕೆ ತಳ್ಳುವಂಥವು. ಆಡುವವರ ಅಂಗೈ ಆ ಕೆಟ್ಟ ಕಟ್ಟಿನತ್ತ ಹೋಗುವ ಮುನ್ನವೇ ಸಣ್ಣಗೆ ಬೆವರುತ್ತಿತ್ತು, ಅದು ಏಕೆ ಕೆಟ್ಟದ್ದೆಂದು ಅವರು ಬಾಯಿಬಿಟ್ಟು ಹೇಳುವುದಕ್ಕೂ ಮೊದಲೇ, ಎಂದು ಅವರು 1997ರಲ್ಲಿ ವರದಿ ಮಾಡಿದರು. ದೇಹ ಮೊದಲು ಅರಿಯುತ್ತದೆ ಎಂಬ ಮಾತಿಗೆ ತರಬೇತಿಗಳಲ್ಲಿ ಇದನ್ನೇ ಆಧಾರವಾಗಿ ತೋರಿಸುವುದು ವಾಡಿಕೆ. ಆದರೆ ಟಿಯಾಗೊ ಮಾಯಾ ಮತ್ತು ಜೇಮ್ಸ್ ಮೆಕ್‌ಕ್ಲೆಲಂಡ್ 2004ರಲ್ಲಿ ಅದೇ ಆಟವನ್ನು ಆಡಿಸಿ, ಪ್ರಶ್ನೆಗಳನ್ನು ಇನ್ನಷ್ಟು ನಿಖರವಾಗಿ ಕೇಳಿದಾಗ, ಆಡುವವರಿಗೆ ಯಾವುದು ಒಳ್ಳೆಯ ಕಟ್ಟು ಎಂಬುದು ಅಂದುಕೊಂಡದ್ದಕ್ಕಿಂತ ಬೇಗ ತಿಳಿದಿರುತ್ತದೆ, ಅದನ್ನು ಅವರು ಹೇಳಲೂ ಬಲ್ಲರು ಎಂದು ಕಂಡುಬಂತು. ಇದು ವಿದ್ವಾಂಸರ ನಡುವೆ ಇನ್ನೂ ಬಗೆಹರಿಯದ ವಾದ. ನಮ್ಮ ಪ್ರಕರಣಕ್ಕೆ ಅದರಿಂದ ದಕ್ಕುವುದು ಇಷ್ಟು: ಬಾಯಲ್ಲಿ ಹೇಳಲಾಗದ ಅರಿವು ಎಂದು ನಾವು ಗೌರವದಿಂದ ಬದಿಗಿಡುವ ಎಷ್ಟೋ ಸಂಗತಿಗಳು ಯಾರೂ ತಾಳ್ಮೆಯಿಂದ ಕೇಳದ ಕಾರಣಕ್ಕೆ ಹೇಳದೆ ಉಳಿದಿರುತ್ತವೆ. ತೋಟದಂಚಿನ ಆ ಹದಿನೈದಿಪ್ಪತ್ತು ನಿಮಿಷದ ಕೇಳುವಿಕೆಯನ್ನು ನಾನು ಆ ದಿನದ ಅತ್ಯಂತ ದೊಡ್ಡ ನಾಯಕತ್ವದ ಕೆಲಸವೆಂದು ಎಣಿಸುತ್ತೇನೆ.

ಬೋರ್ಡೋ ದ್ರಾವಣ ಕಲಸಿದವರು ಅದನ್ನು ಹಾಗೆಯೇ ಹೊಡೆಯುವುದಿಲ್ಲ. ಕತ್ತಿಯ ಅಲುಗನ್ನು ಅದ್ದಿ ನೋಡುತ್ತಾರೆ, ಅಲುಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದು ತಿಳಿದು ಇನ್ನಷ್ಟು ಸೇರಿಸುತ್ತಾರೆ. ವ್ಯವಸ್ಥಾಪಕಿ ತಮ್ಮ ಹೊಟ್ಟೆಯ ಮಾತಿಗೂ ಹಿರಿಯರ ಕಾಲಿನ ಮಾತಿಗೂ ಮಾಡಿದ್ದು ಇದನ್ನೇ. ಎರಡನ್ನೂ ಅದ್ದಿ ನೋಡಿದರು. ಒಂದರಲ್ಲಿ ಬಣ್ಣ ಕೂತಿತು, ಇನ್ನೊಂದರಲ್ಲಿ ಕೂರಲಿಲ್ಲ.

ತೀರ್ಮಾನ ಮತ್ತು ಅದರ ಬೆಲೆ

ಆ ದಿನ ಯಾರೂ ಮರ ಹತ್ತುವುದು ಬೇಡ ಎಂದಾಯಿತು. ಸರದಿಯ ಪಟ್ಟಿಯಲ್ಲಿ ಕೆಳಗಿದ್ದ, ನೆಲದಿಂದಲೇ ಔಷಧಿ ಮುಟ್ಟುವಂಥ ಎಳೆಯ ಮರಗಳ ಎರಡು ತೋಟಗಳನ್ನು ಮೇಲಕ್ಕೆ ತಂದು ತಂಡವನ್ನು ಅಲ್ಲಿಗೆ ಕಳಿಸಿದರು. ಮರುದಿನ ಬೆಳಿಗ್ಗೆ ಹಿರಿಯರೂ ಇನ್ನೊಬ್ಬರೂ ಒಂದೊಂದು ಮರ ಹತ್ತಿ ನೋಡಿ, ಹಾವಸೆ ಒಣಗಿದೆ ಎಂದ ಮೇಲೆ ಹಳೆಯ ತೋಟದಲ್ಲಿ ಕೆಲಸ ಶುರುವಾಯಿತು. ಮಧ್ಯಾಹ್ನಕ್ಕೆ ಮಳೆ ಮತ್ತೆ ಹಿಡಿಯಿತು. ಪಟ್ಟಿಯಲ್ಲಿದ್ದ ಕೆಲವು ತೋಟಗಳು ಉಳಿದೇ ಹೋದವು, ಅವುಗಳ ಪೈಕಿ ಎರಡರಲ್ಲಿ ಕೊಳೆ ಜೋರಾಗಿ ಬಂತು. ಬೆಳೆ ಕಳೆದುಕೊಂಡ ಸದಸ್ಯರ ಸಿಟ್ಟು ಸಕಾರಣವಾದದ್ದು. ಅದನ್ನು ಮುಚ್ಚಿಟ್ಟು ಈ ಕಥೆಯನ್ನು ಗೆಲುವಿನ ಕಥೆಯಾಗಿ ಹೇಳಲು ಬರುವುದಿಲ್ಲ.

ವಾರ್ಷಿಕ ಮಹಾಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: "ಯಾರೂ ಬೀಳಲಿಲ್ಲ ಅಂದ್ಮೇಲೆ ಹತ್ತಿಸಬಹುದಿತ್ತಲ್ಲ?" ಹತ್ತದೇ ಇದ್ದುದರಿಂದ ಯಾರೂ ಬೀಳಲಿಲ್ಲ ಎಂಬುದು ಸುಲಭದ ಉತ್ತರ. ಆದರೆ ಹತ್ತಿದ್ದರೂ ಬೀಳದೆ ಇರಬಹುದಿತ್ತು ಎಂಬುದೂ ಅಷ್ಟೇ ನಿಜ. ತಡೆದ ಅಪಾಯಕ್ಕೆ ಸಾಕ್ಷಿ ಇರುವುದಿಲ್ಲ, ಆದ ನಷ್ಟಕ್ಕೆ ಮಾತ್ರ ಉದುರಿದ ಕಾಯಿಗಳ ರಾಶಿಯೇ ಸಾಕ್ಷಿ. ಇಂಥ ಅಸಮ ತಕ್ಕಡಿಯಲ್ಲಿ ನಿಂತ ವ್ಯವಸ್ಥಾಪಕಿ ಹಿರಿಯ ಕೊನೆಗಾರರ ಹೆಸರಿನ ಹಿಂದೆ ಅಡಗಿಕೊಳ್ಳಬಹುದಿತ್ತು. ಅವರು ಹೇಳಿದ್ದು ಬೇರೆ: ಆ ಬೆಳಿಗ್ಗೆ ನನಗೂ ಹತ್ತಿಸಬೇಕೆಂದೇ ಅನ್ನಿಸಿತ್ತು, ಅದು ನಿಮ್ಮ ಫೋನುಗಳಿಗೆ ಹೆದರಿ ಅನ್ನಿಸಿದ್ದು, ಹೆದರಿಕೆಯಿಂದ ಬಂದ ತೀರ್ಮಾನಕ್ಕೆ ಇನ್ನೊಬ್ಬರ ಜೀವವನ್ನು ಒಡ್ಡುವುದು ಬೇಡವೆಂದು ನಾನೇ ನಿಲ್ಲಿಸಿದೆ, ಕಾರಣಗಳು ಇವು ಎಂದು ಹಾವಸೆ, ಮುಂಗೈ, ಬುಡದ ಮಣ್ಣು ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟರು. ಒಬ್ಬ ನಿರ್ದೇಶಕರಿಗೆ ಇದು ದೌರ್ಬಲ್ಯವಾಗಿ ಕಂಡಿತು. ಕೊನೆಗಾರರಿಗೆ ಹಾಗೆ ಕಾಣಲಿಲ್ಲ.

ನಾಯಕತ್ವದ ಸಂಶೋಧಕರಾದ ಅವೋಲಿಯೊ, ಗಾರ್ಡ್‌ನರ್, ವಾಲುಂಬ್ವ ಮೊದಲಾದವರು 2008ರ ಸುಮಾರಿಗೆ ನೈಜ ನಾಯಕತ್ವದಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿದ್ದರು: ತನ್ನನ್ನು ತಾನು ಅರಿಯುವುದು, ಸಂಬಂಧಗಳಲ್ಲಿ ತೆರೆದುಕೊಳ್ಳುವುದು, ವಿರುದ್ಧ ಮಾಹಿತಿಯನ್ನೂ ಸಮಚಿತ್ತದಿಂದ ತೂಗುವುದು, ಹೊರಗಿನ ಒತ್ತಡಕ್ಕೆ ಮಣಿಯದ ಒಳಗಿನ ನೈತಿಕ ನೆಲೆ. ಈ ನಾಲ್ಕರಲ್ಲಿ ಎಲ್ಲಿಯೂ "ಅನ್ನಿಸಿದಂತೆ ಮಾಡು" ಎಂಬುದಿಲ್ಲ. ತನಗೆ ಅನ್ನಿಸಿದ್ದಕ್ಕೆ ನಿಷ್ಠಳಾಗಿರುವುದೇ ನೈಜತೆ ಎಂದುಕೊಂಡಿದ್ದರೆ ವ್ಯವಸ್ಥಾಪಕಿ ಹೊಟ್ಟೆಯ ಮಾತು ಕೇಳಬೇಕಾಗಿತ್ತು. ದೇಹಪ್ರಜ್ಞೆ ಅವರಿಗೆ ಕೊಟ್ಟದ್ದು ಉತ್ತರವನ್ನಲ್ಲ; ಈ ಉತ್ತರ ನಿನ್ನದಲ್ಲ, ಇನ್ನೊಬ್ಬರನ್ನು ಕೇಳು ಎಂಬ ಸೂಚನೆಯನ್ನು. ದೇಹದ ಕಳವಳ ನಿಜವಾಗಿದ್ದು ಅದರ ಕಾರಣವನ್ನು ನಾವು ತಪ್ಪಾಗಿ ಓದಿಕೊಳ್ಳುವ ಸಾಧ್ಯತೆ ಬಹಳ ಹಳೆಯ ತಿಳಿವಳಿಕೆ. 1974ರಲ್ಲಿ ಡಟನ್ ಮತ್ತು ಏರನ್ ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ನಡೆಸಿದ ಹೆಸರಾಂತ ಪ್ರಯೋಗದಲ್ಲಿ, ಎತ್ತರದ ಭಯಕ್ಕೆ ಬಡಿದುಕೊಳ್ಳುತ್ತಿದ್ದ ಎದೆಯನ್ನು ಗಂಡಸರು ಎದುರಿಗೆ ನಿಂತ ಹೆಣ್ಣಿನ ಮೇಲಿನ ಆಕರ್ಷಣೆಯೆಂದು ಓದಿಕೊಂಡರು ಎಂಬುದು ಆ ಸಂಶೋಧಕರ ವಿವರಣೆ. ನಿಂದೆಯ ಭಯವನ್ನು ಧೈರ್ಯವೆಂದು ಓದಿಕೊಳ್ಳುವುದು ಅದಕ್ಕಿಂತ ಸುಲಭ, ಅದರಲ್ಲೂ ಧೈರ್ಯ ಸಾಲದೆಂದು ಹಂಗಿಸುವವರು ಸುತ್ತ ಇರುವಾಗ.

ದೋಟಿಯ ಸಂಗತಿ

ಇಲ್ಲಿಗೆ ನಿಲ್ಲಿಸಿದರೆ ಹಿರಿಯ ಕೊನೆಗಾರರ ಅಂತಃಪ್ರಜ್ಞೆ ಯಾವಾಗಲೂ ಸರಿ ಎಂಬ ಭಾವನೆ ಉಳಿಯುತ್ತದೆ. ಅದೇ ವರ್ಷದ ಕೊಯ್ಲಿನ ಹೊತ್ತಿಗೆ ಸಂಸ್ಥೆ ಕಾರ್ಬನ್ ಫೈಬರ್ ದೋಟಿಗಳನ್ನು ತರಿಸಿತು. ನೆಲದಲ್ಲಿ ನಿಂತೇ ಎತ್ತರದ ಮರದ ಕೊನೆ ಕೊಯ್ಯಲು, ಔಷಧಿ ಹೊಡೆಯಲು ಬರುವ ಹಗುರ ಗಳ ಅದು. ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಲ್ಲಿ ಹೆಚ್ಚು ಕಾಣುತ್ತಿದೆ. ಹಿರಿಯರು ಅದನ್ನು ಕೈಯಲ್ಲಿ ಹಿಡಿದವರೇ "ಇದು ಮೈಗೆ ಒಗ್ಗಲ್ಲ, ಇದ್ರಿಂದ ಯಾರಿಗಾದ್ರೂ ಆಗೋದೇ" ಎಂದರು. ಮಾತಿನ ಬಿಗಿ ಪುಷ್ಯ ಮಳೆಯ ಬೆಳಗಿನಷ್ಟೇ ಇತ್ತು. ತಂಡ ಅವರ ಮಾತಿಗೆ ತಲೆಯಾಡಿಸಿತು.

ವ್ಯವಸ್ಥಾಪಕಿ ಅವೇ ಪ್ರಶ್ನೆಗಳನ್ನು ಕೇಳಿದರು. ಈ ಸಲ ಹಿಂದೆ ಯಾವಾಗ ಹೀಗಾಗಿತ್ತು ಎಂಬುದಕ್ಕೆ ಉತ್ತರ ಬರಲಿಲ್ಲ, ಏಕೆಂದರೆ ಹಿಂದೆ ಎಂಬುದೇ ಇರಲಿಲ್ಲ. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಜೊತೆಯಾಗಿ ಬರೆದ ಲೇಖನದಲ್ಲಿ ಹೇಳಿದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಒಬ್ಬರು ಅಂತಃಪ್ರಜ್ಞೆಯನ್ನು ಸಂಶಯದಿಂದ ನೋಡುತ್ತ ಬಂದವರು, ಇನ್ನೊಬ್ಬರು ಅಗ್ನಿಶಾಮಕ ದಳದ ನಾಯಕರ ತ್ವರಿತ ನಿರ್ಣಯಗಳನ್ನು ಅಧ್ಯಯನ ಮಾಡಿ ಅದನ್ನು ಮೆಚ್ಚಿದವರು. ಇಬ್ಬರೂ ಒಪ್ಪಿದ್ದು ಎರಡು ಷರತ್ತುಗಳಿಗೆ: ಕೆಲಸದ ಪರಿಸರದಲ್ಲಿ ಹಿಡಿಯಬಹುದಾದ ನಿಯಮಿತತೆ ಇರಬೇಕು, ಅದನ್ನು ಕಲಿಯಲು ಬೇಕಾದಷ್ಟು ಕಾಲದ ಅಭ್ಯಾಸವೂ ಸರಿತಪ್ಪು ತಕ್ಷಣ ತಿಳಿಯುವ ಅವಕಾಶವೂ ಇರಬೇಕು. ಅನ್ನಿಸಿಕೆ ಎಷ್ಟು ಗಟ್ಟಿಯಾಗಿದೆ ಎಂಬುದು ಅದು ನಿಜವೇ ಎಂಬುದಕ್ಕೆ ಪ್ರಮಾಣವಲ್ಲ. ಹಿರಿಯರ ಪಾದ ಮೂವತ್ತೈದು ಮಳೆಗಾಲ ಈ ಎರಡೂ ಷರತ್ತುಗಳಡಿ ಪಳಗಿತ್ತು. ದೋಟಿಯ ವಿಷಯದಲ್ಲಿ ಅವರು ಮೊದಲ ದಿನದ ಹುಡುಗನಂತೆಯೇ.

ಆದ್ದರಿಂದ ಗಿಡ್ಡ ಮರಗಳ ತೋಟವೊಂದರಲ್ಲಿ ಇಬ್ಬರು ಯುವಕರಿಗೆ ದೋಟಿ ಕೊಟ್ಟು ಕೆಲವು ದಿನ ನೋಡುವುದೆಂದು ಮಾಡಿದರು. ಯುವಕರು ಬೇಗ ಕಲಿತರು. ಆದರೆ ದಿನವಿಡೀ ಮೇಲೆ ನೋಡಿ ಕುತ್ತಿಗೆ ಹಿಡಿದುಕೊಳ್ಳುತ್ತದೆ ಎಂಬ ದೂರು ಅವರಿಂದಲೂ ಬಂತು. ಹಿರಿಯರ ಆತಂಕದಲ್ಲಿ ಒಂದು ಪಾಲು ಸರಿಯಾದದ್ದೇ ಆಗಿತ್ತು. ಉಳಿದದ್ದು ಮರ ಹತ್ತುವ ವಿದ್ಯೆಗೆ ಇನ್ನು ಬೆಲೆ ಉಳಿಯದು ಎಂಬ ಸಂಕಟ. ಅದನ್ನು ಅವರೇ ಒಂದು ಸಂಜೆ ಹೇಳಿಕೊಂಡರು. ಆ ಸಂಕಟಕ್ಕೆ ಸಂಸ್ಥೆ ಕೊಡಬೇಕಾದ ಉತ್ತರ ಬೇರೆಯೇ ಇದೆ. ಕುತ್ತಿಗೆಯ ವಿಷಯಕ್ಕೆ ಮಾತ್ರ, ದೋಟಿ ಹಿಡಿಯುವವರನ್ನು ಗಂಟೆಗೊಮ್ಮೆ ಬದಲಿಸುವ ಕ್ರಮ ಬಂತು.

ಈಗಿನ ಸ್ಥಿತಿ

ಮಂಡಳಿ ಒಂದು ಠರಾವು ಮಾಡಿದೆ. ಮರ ಹತ್ತುವ ಕೆಲಸ ನಿಲ್ಲಿಸುವ ಅಧಿಕಾರ ತಂಡದ ಯಾರಿಗೇ ಆದರೂ ಇದೆ, ಹಿರಿಯರಿಗಷ್ಟೇ ಅಲ್ಲ. ನಿಲ್ಲಿಸಿದವರು ದೇಹದಲ್ಲಿ ಏನು ಗೊತ್ತಾಯಿತು ಎಂಬುದನ್ನು ಸಾಧ್ಯವಾದಷ್ಟು ಹೇಳಬೇಕು, ಹೇಳಲಾಗದಿದ್ದರೂ ಆ ಹೊತ್ತಿಗೆ ಕೆಲಸ ನಿಲ್ಲುತ್ತದೆ, ಆಮೇಲೆ ಇನ್ನೊಬ್ಬರು ಹತ್ತಿ ನೋಡುತ್ತಾರೆ. ವ್ಯವಸ್ಥಾಪಕಿ ಒಂದು ಪುಸ್ತಕವನ್ನೂ ಇಟ್ಟಿದ್ದಾರೆ. ನಿಲ್ಲಿಸಿದ ದಿನ, ಹೇಳಿದ ಕಾರಣ, ಪರೀಕ್ಷಿಸಿದಾಗ ಕಂಡದ್ದು ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಹಾಗೆ ಬರೆದಿಡುವುದರಿಂದ ಯಾರ ಅನ್ನಿಸಿಕೆ ಯಾವ ವಿಷಯದಲ್ಲಿ ಪಳಗಿದೆ ಎಂಬುದು ಕಾಲಕ್ರಮದಲ್ಲಿ ತಿಳಿಯಬೇಕು ಎಂಬುದು ಅವರ ಲೆಕ್ಕಾಚಾರ.

ಬಗೆಹರಿಯದೆ ಉಳಿದಿರುವುದು ಕೂಲಿಯ ಪ್ರಶ್ನೆ. ಕೆಲಸ ನಿಂತ ದಿನ ಕೂಲಿ ಇಲ್ಲವೆಂದಾದರೆ ಮುಂಗೈ ಸೋತದ್ದನ್ನು ಯಾವ ಕೊನೆಗಾರನೂ ಹೇಳುವುದಿಲ್ಲ. ಹೇಳದೆ ಹೇಳದೆ ಕೊನೆಗೆ ಅದು ತನಗೇ ಗೊತ್ತಾಗುವುದೂ ನಿಂತುಹೋಗುತ್ತದೆ ಎಂದು ಹಿರಿಯರು ಮಂಡಳಿಯ ಮುಂದೆ ವಾದಿಸಿದರು. ಅರ್ಧ ದಿನದ ಕೂಲಿಯನ್ನು ಒಂದು ಮಳೆಗಾಲದ ಮಟ್ಟಿಗೆ ಸಂಸ್ಥೆಯ ನಿಧಿಯಿಂದ ಕೊಡಲು ಮಂಡಳಿ ಒಪ್ಪಿದೆ. ಮುಂದಿನ ವರ್ಷದಿಂದ ಅದನ್ನು ತೋಟದ ಮಾಲೀಕರು ಭರಿಸಬೇಕೋ, ಎಲ್ಲ ಸದಸ್ಯರ ಮೇಲೆ ಹಂಚಬೇಕೋ ಎಂಬುದು ಮಹಾಸಭೆಯ ಮುಂದೆ ಬರಲಿದೆ. ಕೊಳೆಯಿಂದ ಬೆಳೆ ಕಳೆದುಕೊಂಡ ಆ ಇಬ್ಬರು ಸದಸ್ಯರು ಎರಡಕ್ಕೂ ತಮ್ಮ ವಿರೋಧವಿದೆ ಎಂದು ಈಗಾಗಲೇ ಬರಹದಲ್ಲಿ ಕೊಟ್ಟಿದ್ದಾರೆ.